ಆ ಮಾತು

ಛಾಪಾ ಕಾಗದದ ನಾಲ್ಕನೇ ಸಾಲಿನಲ್ಲಿ
ನೋಟರಿಯ ಟೈಪಿಸ್ಟು ಹೊಡೆದಿದ್ದ:
ಖೈರುನ್ನೀಸಾ, ಶಿಡ್ಲಘಟ್ಟ ವಾಸಿ,
ವಯಸ್ಸು ಐವತ್ನಾಲ್ಕು, ಸ್ಪಿನ್‌ಸ್ಟರ್.

'ಏನಮ್ಮಾ ಅದು, ಕೊನೇದು?' ಅಂದಳು ಖಾಲಾ,
ಕಣ್ಣು ಬಾಂಡಲಿಯ ಮೇಲೆ, ಬೆರಳು ಕುದಿನೀರಿನ ಅಂಚಲ್ಲಿ.
ಪಕ್ಕದ ಮನೆಯವಳು ನಾನು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುವವಳು,
ತಡವರಿಸಿದೆ: 'ಮದುವೆ ಆಗದೆ ಉಳಿದವಳು ಅಂತ.'
'ಓಹೋ, ಅದಕ್ಕೂ ಒಂದು ಹೆಸರಿಟ್ಟಿದ್ದಾರಾ,'
ಎಂದು ಹುಡುಗನಿಗೆ ಸನ್ನೆ ಮಾಡಿದಳು. ಚರಕ ತಿರುಗಿತು.

ಆ ರಾತ್ರಿ ಪಿಳ್ಳಪ್ಪ ಮೇಷ್ಟ್ರು ಬಿಟ್ಟುಹೋದ ನಿಘಂಟು ತೆಗೆದೆ.
ಎಸ್ಸಿನ ಹಾಳೆಗಳಿಗೆ ಗೆದ್ದಲು ನನಗಿಂತ ಮೊದಲೇ ಬಂದಿತ್ತು.
ತೂತುಗಳ ನಡುವೆ ಓದಿದೆ:
ಮೂಲದಲ್ಲಿ, ನೂಲುವ ಹೆಂಗಸು.

ಅಷ್ಟೆ. ಒಂದು ಕಸುಬು. ಕಮ್ಮಾರ, ಕುಂಬಾರ ಇದ್ದ ಹಾಗೆ.
ನೂಲುತ್ತ, ತನ್ನ ಅನ್ನ ತಾನು ದುಡಿಯುತ್ತ ಕೂತವಳ ಕೈಯಿಂದ
ಯಾವ ಕಾಲದಲ್ಲೋ ಕದಿರು ಜಾರಿ,
ಪದದೊಳಗೆ ಉಳಿದದ್ದು
ಅವಳ ಪಕ್ಕದಲ್ಲಿ ಇಲ್ಲದ ಗಂಡಸು.

ಹಾಗೇ ಹಿಂದಕ್ಕೆ ಮಗುಚಿದೆ.
ಕ್ಲೂ ಅಂದರೂ ಮೊದಲು ನೂಲಿನ ಉಂಡೆಯಂತೆ,
ಒಳಹೊಕ್ಕು ದಾರಿ ತಪ್ಪಿದವರು
ಎಳೆ ಹಿಡಿದು ಮರಳಲಿಕ್ಕೆ.
ಪತ್ತೇದಾರರು ಬಂದದ್ದು ಎಷ್ಟೋ ಆಮೇಲೆ.

ಬೆಳಿಗ್ಗೆ ಓಡಿದೆ, ಬಹುಮಾನ ಬಂದವಳ ಹಾಗೆ:
'ಖಾಲಾ, ಅದು ಬೈಗುಳ ಅಲ್ಲ. ನೂಲೋಳು ಅಂತ!'

ಬೆಂದ ಗೂಡುಗಳ ಮೇಲೆ ಕುಂಚ ಆಡಿಸಿ
ಕಣ್ಣಿಗೆ ಕಾಣದ ತುದಿಯೊಂದನ್ನು ಎತ್ತುತ್ತ ಅಂದಳು:
'ನಾನೆಲ್ಲಿ ನೂಲ್ತೀನಿ? ನಾನು ಬಿಚ್ಚೋಳು.
ನೂಲಿದ್ದು ಇದು.'
ಎಳೆ ಮುಗಿದು ತಳಕ್ಕಿಳಿದಿದ್ದ ಕಂದು ಹುಳವನ್ನು
ಜಾಲರಿ ಸೌಟಿನಲ್ಲಿ ಎತ್ತಿ ಹಿಡಿದಳು.
'ಚಿಟ್ಟೆ ಆಗೋಕೆ ಬಿಟ್ಟಿದ್ರೆ ತಾನೆ, ಜೋಡಿ.
ಬರ್ಕೋ. ನಿಮ್ಮ ಆ ಮಾತು ಇದಕ್ಕೆ.'

ಯಾಕೋ ಇಬ್ಬರೂ ನಕ್ಕೆವು.
ಹೊರಗೆ ಮಾರ್ಕೆಟ್ಟಿಂದ ಲಾಟು ಹೊತ್ತು ಬಂದ ಆಟೋ
ಹಾರ್ನು ಹೊಡೆಯುತ್ತಲೇ ಇತ್ತು.
ಕೈ ಒರೆಸಿಕೊಂಡು, ಇಂಕು ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ
ಕಾಗದದ ಮೇಲೆ ಊರಿದಳು.

ಮೂವತ್ತೈದು ವರ್ಷದ ಬಿಸಿನೀರು.
ಒಂದು ಗೆರೆಯೂ ಮೂಡಲಿಲ್ಲ.
ನೀಲಿಗೆ, ನುಣ್ಣಗೆ, ಉದ್ದುರುಟಾಗಿ
ತುದಿ ಸಿಗದ ಒಂದು ಗೂಡು.

ನೋಟರಿ ಒಪ್ಪಲಿಲ್ಲ.
ಬೇರೆ ಬೆರಳು ಕೇಳಿದ.