ಗುರುವಾರದ ದೋಷ

ಬಸ್ಸು ನಂಬರು ಮುನ್ನೂರ ಹದಿನಾಲ್ಕು,
ಗ್ವಾಯ್ಮಾಸ್ ಬಂದರಿನಿಂದ ಎರ್ಮೊಸಿಯೊಗೆ.
ಒಂದೂ ಮುಕ್ಕಾಲು ಗಂಟೆಯ ಮರಳುಗಾಡು.
ದೂರಿನ ಪುಸ್ತಕದಲ್ಲಿ ಡ್ರೈವರ್ ಬಾಲ್ತಸಾರನ ಕೋಳಿಕಾಲು ಅಕ್ಷರ:
"ಎ.ಸಿ. ಮತ್ತೆ ಕೈಕೊಟ್ಟಿತು. ಜನ ನನ್ನನ್ನು ಬೈದರು. ನನ್ನ ತಾಯಿಯನ್ನೂ."

ಅಕ್ಟೋಬರ್ ಬಂದ ಸುದ್ದಿ ಬಿಸಿಲಿಗೆ ಇನ್ನೂ ಮುಟ್ಟಿಲ್ಲ.
ತಗಡಿನ ಕೆಳಗೆ ಸ್ಪ್ಯಾನರು ಹಿಡಿಯಲು ಒದ್ದೆ ಚಿಂದಿ ಬೇಕು.
ಆಗಸ್ಟಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ
ಮೆಸ್ಕೀತ್ ಮರದ ಜೀರುಂಡೆಗಳ ಕಿರುಚಾಟ ಕೇಳಿ
ಯಾವುದೋ ಬೇರಿಂಗು ಸವೆದಿದೆ ಎಂದಿದ್ದೆ.
ದೋನ್ ಎಲೆವುತೇರಿಯೊ ನಗಲಿಲ್ಲ.
"ಸವೆದ ಬೇರಿಂಗು ಕತ್ತಲಾಯಿತು ಅಂತ ಮಲಗುವುದಿಲ್ಲ, ಅಂಪಾರೊ."

ಬೆಲ್ಟು ಬಿಗಿಯಾಗಿದೆ. ಕ್ಲಚ್ಚು ಟಕ್ಕೆಂದು ಕಚ್ಚುತ್ತದೆ.
ನೀಲಿ ಮುಳ್ಳು, ಕೆಂಪು ಮುಳ್ಳು ತಂತಮ್ಮ ಮನೆಯಲ್ಲಿ.
ಪೈಪಿನ ಒಂದೊಂದು ಕೀಲಿಗೂ ಸೋಪಿನ ನೊರೆ ಬಳಿದೆ,
ಎಳೆಗೂಸಿಗೆ ಎಣ್ಣೆ ಹಚ್ಚುವ ಹಾಗೆ.
ಒಂದು ಗುಳ್ಳೆ ಏಳಲಿಲ್ಲ.
ಫಿಲ್ಟರಿನಿಂದ ಉದುರಿದ್ದು ಮರಳು, ಯಾರದೋ ಉದ್ದ ಕೂದಲು,
ಕಡಲಹಕ್ಕಿಯ ಅರ್ಧ ಗರಿ.
ಒಳಗೆ ಹಲ್ಲು ಕಟಕಟಿಸುವ ಚಳಿ.
ಡಾಕ್ಟರ ಎದುರು ಕೂತ ಕೂಡಲೇ ಜ್ವರ ಬಿಡುವ ರೋಗಿ ಈ ಬಸ್ಸು.

ಹೋದ ತಿಂಗಳು ಕಂಪನಿಯವರು
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು:
ಹೊಸ ಕಂಪ್ರೆಸರು, ಹೊಸ ವಾಲ್ವು.
ಬಿಲ್ಲು ಓದಿ ಮ್ಯಾನೇಜರೇ ಬೆವರಿದ.
ಬಸ್ಸು ಗುರುವಾರ ಮತ್ತೆ ಬೆಂದಿತು.

ಗುರುವಾರ.
ನಾನು ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದೆ.
ಗುರುವಾರ. ಅದರ ಹಿಂದಿನದೂ ಗುರುವಾರ.
ದೋನ್ ಎಲೆವುತೇರಿಯೊ ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ಆ ಹಾಳೆಯನ್ನಲ್ಲ, ಬಸ್ಸನ್ನು ನೋಡಿದರು.
"ಯಂತ್ರಕ್ಕೆ ವಾರ ಗೊತ್ತಿಲ್ಲ.
ವಾರ ಗೊತ್ತಿರುವುದು ಮನುಷ್ಯರಿಗೆ.
ನಾಡಿದ್ದು ಟಿಕೆಟ್ ತೆಗೆಸು, ಎರಡು."

ಕೊನೆಯ ಸಾಲಿನಲ್ಲಿ ಕೂತೆವು.
ಮೊದಲು ತಂಪು. ಮಗುವೊಂದು ನಿದ್ದೆಹೋಯಿತು.
ಊರು ದಾಟಿ ಕಳ್ಳಿಗಂಬಗಳು ಸಾಲುಗಟ್ಟುವಾಗ
ನಮ್ಮ ಬೆನ್ನ ಹಿಂದಿನ ಟಕ್ ನಿಂತಿತು.
ಫ್ಯಾನು ಬೀಸುತ್ತಲೇ ಇತ್ತು, ಒಲೆ ಊದಿದ ಹಾಗೆ.
ಮಗು ಎದ್ದಿತು. ಮುಂದಿನವನ ಟೋಪಿ ಬೀಸಣಿಗೆಯಾಯಿತು.
ಬಾಲ್ತಸಾರನ ತಾಯಿಯ ಸರದಿ ಬಂತು.

ಆಗ ನನ್ನ ಮಣಿಕಟ್ಟಿನ ಮೇಲೊಂದು ಹನಿ, ಮೇಲಿನಿಂದ.
"ಎ.ಸಿ. ನೀರು. ಡ್ರೈನು ಕಟ್ಟಿದೆ" ಎಂದೆ, ಕಲಿತವಳ ಗತ್ತಿನಲ್ಲಿ.
ಅವರು ಹನಿಯನ್ನು ಬೆರಳಿಗೆ ತೆಗೆದು
ನಾಲಿಗೆಗಿಟ್ಟರು.
"ಉಪ್ಪು."
ಗಾಳಿಯಿಂದ ಹಿಂಡಿದ ನೀರಿಗೆ ರುಚಿಯಿಲ್ಲ.
ಇದು ಸಮುದ್ರ.

ಸೀಟು ಹತ್ತಿ ನೋಡಿದೆ.
ಸಾಮಾನಿನ ಹಲಗೆಯ ಮೇಲೆ ನೈಲಾನು ಹಗ್ಗ ಬಿಗಿದ ಥರ್ಮೊಕೋಲ್ ಪೆಟ್ಟಿಗೆ,
ಮುಚ್ಚಳದ ಮೂಲೆ ಮುರಿದಿದೆ,
ಮುರುಕಿನ ಬಾಯಿ ನೇರ ಗಾಳಿ ಎಳೆಯುವ ಜಾಲರಿಗೆ.
ಜಾಲರಿಯ ಹಿಂದೆ ಜೋಳದ ಕಾಳಿನಷ್ಟು ಸೆನ್ಸರು,
ಐಸಿನ ಉಸಿರು ಕುಡಿದು
ಸಾಕು, ಚಳಿ, ನಿಲ್ಲಿಸಿ ಎನ್ನುತ್ತಿತ್ತು.
ಅದು ಸುಳ್ಳು ಹೇಳಿರಲಿಲ್ಲ.
ತನ್ನ ಮೂಲೆಯ ಸುದ್ದಿಯನ್ನು ಊರಿಗೆಲ್ಲ ಹೇಳಿತ್ತು.

"ಯಾರದ್ದು?"
ನಲವತ್ತು ಜನ ಕಿಟಕಿಯಾಚೆ ನೋಡಿದರು.
ಆಮೇಲೆ ಇಪ್ಪತ್ತೊಂದನೇ ಸೀಟಿನಲ್ಲಿ ನರೆತ ಜಡೆಯೊಂದು ತಿರುಗಿತು:
ದೋನ್ಯಾ ಎರ್ಮಿನಿಯಾ, ಹನ್ನೆರಡು ಕಿಲೋ ಸೀಗಡಿ,
ನಿಷೇಧ ಮುಗಿದಂದಿನಿಂದ ಪ್ರತಿ ಗುರುವಾರ
ಒಂದು ಹೋಟೆಲಿಗೆ.
"ಕೆಳಗಿಟ್ಟರೆ ಸೂಟ್‌ಕೇಸುಗಳ ಜೊತೆ ಬೇಯುತ್ತೆ.
ಎ.ಸಿ. ಹತ್ತಿರ ತಂಪಿರುತ್ತೆ ಅಂತ ಇಟ್ಟೆ.
ತಂಪೆಲ್ಲಿ? ವಾರವಾರ ಎರಡು ಕಿಲೋ ಐಸು ಜಾಸ್ತಿ ಹಾಕ್ತಿದ್ದೀನಿ.
ದೂರು ಕೊಟ್ಟು ಕೊಟ್ಟು ಸಾಕಾಯ್ತು.
ನೀವಾದರೂ ಮೆಕ್ಯಾನಿಕ್ಕಾ?"

ಪೆಟ್ಟಿಗೆ ಇಳಿಸಿ ನನ್ನ ಕಾಲ ನಡುವೆ ಇಟ್ಟುಕೊಂಡೆ.
ಇನ್ನೂರು ಎಣಿಸಿರಬೇಕು, ಇನ್ನೂರ ಹತ್ತು,
ಟಕ್.
ಟೋಪಿ ಮತ್ತೆ ತಲೆಗೇರಿತು.

ಡಿಪೋದಲ್ಲಿ ಪುಸ್ತಕ ತೆರೆದು
'ಕೆಟ್ಟ ಭಾಗ' ಎಂಬ ಕಾಲಮ್ಮಿನ ಮೇಲೆ
ದೋನ್ ಎಲೆವುತೇರಿಯೊ ಪೆನ್ನು ಹಿಡಿದು ಕೂತರು.
ಕೊನೆಗೆ ಬರೆದರು: ಸೀಗಡಿ.

ಮರುದಿನ ಮ್ಯಾನೇಜರ ಫೋನು:
"ಸರಿ, ಪಾರ್ಟ್ ನಂಬರು ಎಲ್ಲಿ?"