ಹಿನ್ನೆಲೆ ಬಿಳಿ ಇರಬೇಕು

ವಾರದ ಆರು ದಿನ ಫರ್ವಾನಿಯಾದಲ್ಲಿ ನನ್ನದು ಒಂದೇ ಮಾತು:
ನಗಬೇಡಿ. ಕಿವಿ ಕಾಣಲಿ. ಗಲ್ಲ ಸ್ವಲ್ಪ ಕೆಳಗೆ.
ಹಿನ್ನೆಲೆ ಬಿಳಿ. ನಾಲ್ಕು ಟ್ಯೂಬ್‌ಲೈಟು.
ಅಕಾಮಕ್ಕೆ, ವೀಸಾಕ್ಕೆ, ಲೈಸೆನ್ಸಿಗೆ,
ಒಮ್ಮೊಮ್ಮೆ ಊರಿಗೆ ಹೆಣ ಕಳಿಸುವ ಕಾಗದಕ್ಕೂ
ಹಳೇ ಫೈಲು ಹುಡುಕಿ ಕೊಟ್ಟಿದ್ದೇನೆ.

ಜನವರಿಯಲ್ಲಿ ಎರಡು ಮಳೆ ಬಿತ್ತಂತೆ ಮುತ್ಲಾದಾಚೆ.
ನೀರಿನ ಟ್ಯಾಂಕರ್ ಓಡಿಸುವ ಹಸನಬ್ಬ ಹೇಳಿದ:
"ಮರಳು ಹಳದಿಯಾಗಿದೆ ಮಾರಾಯ, ಬಾ, ನೋಡಿದರೆ ನಂಬುತ್ತಿ."

ಶುಕ್ರವಾರ. ನಸುಕು ಹರಿಯುವ ಮೊದಲೇ
ಖಾಲಿ ಅಕ್ಕಿಚೀಲ ಹಾಸಿ ಬೋರಲು ಬಿದ್ದೆ.
ಹೂವೆಂದರೆ ಎಷ್ಟು? ಅಂಗಿಯ ಗುಂಡಿಯಷ್ಟು.
ಬೆಳಕು ಬಂತು, ಎಂಥ ಬೆಳಕು,
ನೆಲಕ್ಕಂಟಿ, ಓರೆಯಾಗಿ, ಮರಳಿನ ಒಂದೊಂದು ಕಾಳಿಗೂ
ಅದರದರ ನೆರಳು ಹಂಚುತ್ತ.
ಹೂವು ಮಾತ್ರ ಮುಚ್ಚಿಕೊಂಡೇ ಇತ್ತು.
ಕಣ್ಣು ಬಿಡಿ, ಅಂದೆ, ಅಭ್ಯಾಸಬಲ.
ಹಸನಬ್ಬ ನಕ್ಕು ಫ್ಲಾಸ್ಕಿನ ಚಹಾ ಚೆಲ್ಲಿದ.

ಎಂಟೂವರೆಗೆ ಬಿಚ್ಚಿಕೊಂಡಿತು.
ಅಷ್ಟರಲ್ಲಿ ಬೆಳಕು ಸುಣ್ಣದ ಗೋಡೆ.
ಬಗ್ಗಿದರೆ ನನ್ನದೇ ತಲೆಯ ಕತ್ತಲು,
ಸರಿದರೆ ಎಸಳು ಸುಟ್ಟು ಬಿಳಿ.
ಟ್ಯಾಂಕರಿನ ಗಾಜಿಗಿಡುವ ಬೆಳ್ಳಿ ಹಾಳೆ ತಂದು
ಹಸನಬ್ಬ ಮಂಡಿಯೂರಿ ಹಿಡಿದ. ಎಡಕ್ಕೆ, ಇನ್ನೂ ಎಡಕ್ಕೆ,
ಹಾಂ, ಅಲ್ಲೇ, ಉಸಿರು ಬಿಡಬೇಡ!
ಗಾಳಿ ಉಸಿರು ಬಿಟ್ಟಿತು.
ಕಾದೆವು. ಹೂವು ನಿಂತಿತು.
ನಾನು ಬೆರಳು ಒತ್ತುವುದಕ್ಕೂ
ಚೌಕಟ್ಟಿನೊಳಗೆ ಒಂದು ಮೂತಿ ನುಗ್ಗುವುದಕ್ಕೂ ಸರಿಹೋಯಿತು.

ಆಡು. ಅದರ ಹಿಂದೆ ಇಪ್ಪತ್ತು. ಅವುಗಳ ಹಿಂದೆ
ಇದ್ರೀಸ್, ಸುಡಾನಿನವನು, ಕೈಯಲ್ಲಿ ನೀಲಿ ಪೈಪಿನ ಕೋಲು.
"ನುವೈರ್," ಅಂದ, ಹೂವಿದ್ದ ಜಾಗ ತೋರಿಸಿ,
ತೀರಿಕೊಂಡವರ ಹೆಸರು ಹೇಳುವ ಹಾಗಲ್ಲ,
ಊಟಕ್ಕೇನು ಮಾಡಿದ್ದೆ ಅಂದರೆ ಹೇಳುವ ಹಾಗೆ.
ಕ್ಯಾಮೆರಾ ನೋಡಿದ. ಎದೆ ಮುಟ್ಟಿಕೊಂಡ: ನನ್ನದೊಂದು.
ತಲೆಯ ಬಟ್ಟೆ ಕಿವಿಯಿಂದ ಮೇಲೆ ಸರಿಸಿ
ನೆಟ್ಟಗೆ ನಿಂತ, ಬಾಯಿ ಬಿಗಿದು.
ಯಾವ ಕೌಂಟರಿನಲ್ಲಿ ಕಲಿಸಿದರೋ.
ಬೆಳ್ಳಿ ಹಾಳೆ ಅವನ ಗಲ್ಲದಡಿ ತಂದೆವು.
ನಗು ಎನ್ನುವುದಕ್ಕೆ ಅರಬ್ಬಿ ಮಾತು ನನಗೆ ಬರಲಿಲ್ಲ.
ಇಪ್ಪತ್ತೆರಡು ವರ್ಷ, ಬೇಡ ಎನ್ನುವುದನ್ನಷ್ಟೇ ಕಲಿತಿದ್ದೆ.

ಅಂಗಡಿಯ ಗೋಡೆಯಲ್ಲಿ ಈಗ ಆಡಿನ ಚಿತ್ರ.
ಹೂವೆಲ್ಲಿ, ಕೇಳುತ್ತಾರೆ ಸರದಿಗೆ ಕೂತವರು.
ಮೇಲ್ದುಟಿ ನೋಡಿ, ಹಳದಿ ಪುಡಿ, ಅನ್ನುತ್ತೇನೆ.
ಬಗ್ಗಿ ನೋಡುತ್ತಾರೆ. ಸರಿ, ಈಗ ಗಲ್ಲ ಕೆಳಗೆ.

ಇದ್ರೀಸನದ್ದು ನಾಲ್ಕು ಪ್ರತಿ, ಲಕೋಟೆಯಲ್ಲಿ,
ಹಸನಬ್ಬನ ಟ್ಯಾಂಕರಿನಲ್ಲಿ ತಿರುಗುತ್ತಿವೆ.
ಆ ಕಡೆ ಈಗ ಬರೀ ಮರಳಂತೆ,
ಆಡುಗಳೂ ಎತ್ತಲೋ.