ಸಕಾರ

ಮೂರನೆಯ ವರ್ಷದ ಮೊದಲ ಹೋಂವರ್ಕು:
ಮನೆಯ ಮಾತನ್ನು ಹತ್ತು ನಿಮಿಷ ಹಿಡಿದು ತನ್ನಿ.
ಕೇಳಿಸಿದಂತೆ ಬರೆಯಿರಿ, ಬರೆಯಬೇಕಾದಂತಲ್ಲ.

ಯಸ್ನಾ ಕಾತ್ರಿಲೆಯೊ
ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟಳು.
ಅಪ್ಪ ಕೊಂಗ್ರಿಯೊ ಮೀನಿನ ಚರ್ಮ ಸುಲಿಯುತ್ತ
ಬ್ಯಾಂಕಿನ ಮ್ಯಾನೇಜರನನ್ನು ಬೈಯುತ್ತಿದ್ದ.

ರಾತ್ರಿಯಿಡೀ ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ.
ಅರವತ್ತಮೂರು ಕಡೆ ಇರಬೇಕಿತ್ತು ಸಕಾರ,
ಇದ್ದದ್ದು ನಾಲ್ಕು.
ಆ ನಾಲ್ಕೂ ಮ್ಯಾನೇಜರನ ದನಿಯ ಅಣಕದಲ್ಲಿ.
ಉಳಿದಲ್ಲೆಲ್ಲ ಬರೀ ಉಸಿರು,
ಅಕ್ಷರದ ಹೆಗಲೇರಿ ಕೂತ ಪುಟ್ಟ ಹಕಾರ.

‘ದೋಷ’ ಎಂದು ಬರೆದವರು, ಎಂದಳು ಪ್ರೊಫೆಸರ್ ಉರ್ರುತಿಯಾ,
ಎದ್ದುಹೋಗಿ ಕಾಫಿ ಕುಡಿದು ಬನ್ನಿ.
ಯಸ್ನಾ ಎದ್ದು ಹೋದಳು.

(ನಮ್ಮಲ್ಲೂ ಹೀಗೇ ಅಲ್ಲವೆ?
ಪಾಲು ಹಾಲಾದಾಗ, ಪೂವು ಹೂವಾದಾಗ
ಯಾವ ತಾಯಿಯೂ ಕೂಸನ್ನು ಕಂಕುಳಿಗೇರಿಸಿ
ವೈದ್ಯರ ಬಾಗಿಲಿಗೆ ಓಡಲಿಲ್ಲ.
ಹಾಲು ತನ್ನ ಪಾಡಿಗೆ ಉಕ್ಕಿತು.)

ಜೂನ್. ಅಲ್ಲಿ ಅದು ಚಳಿಗಾಲ.
ಬೀಯೊಬೀಯೊ ನದಿಯ ಮೇಲಿನ ಗಾಳಿಗೆ ಕ್ಲಿನಿಕ್ಕಿನ ಕಿಟಕಿ ಗದಗುಟ್ಟುತ್ತಿತ್ತು.
ಪ್ರಾಯೋಗಿಕ ಪರೀಕ್ಷೆಗೆ ಐವತ್ತು ದಾಟಿದ ಒಬ್ಬರು ಬೇಕು.
ಅಪ್ಪ ತಾಲ್ಕಾವಾನೊದಿಂದ ಬಸ್ಸು ಹತ್ತಿ ಬಂದ,
ಮದುವೆಗಳಿಗೆ ಹಾಕುವ ಕೋಟು ತೊಟ್ಟು.
ಹಡಗುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ ಗ್ರೈಂಡರ್ ಹಿಡಿದು
ಹಡಗುಗಳ ಹೊಟ್ಟೆಯ ತುಕ್ಕು ಕೆರೆದವನು,
ಕಿವಿಗೆ ಹತ್ತಿ ತುರುಕಿ, ಕೆಲವೊಮ್ಮೆ ಅದೂ ಇಲ್ಲದೆ.

ಎಷ್ಟೇ ಸಣ್ಣ ದನಿ ಕೇಳಿದರೂ ಗುಂಡಿ ಒತ್ತು,
ಕೇಳಿಸದಿದ್ದರೆ ಸುಮ್ಮನಿರು, ಎಂದಳು.
ಸುಮ್ಮನಿರುವುದು ಅವನು ಕಲಿಯದ ವಿದ್ಯೆ.

ಸಾವಿರದಲ್ಲಿ ಒತ್ತಿದ. ಎರಡು ಸಾವಿರದಲ್ಲಿ ಒತ್ತಿದ.
ನಾಲ್ಕು ಸಾವಿರದಲ್ಲೂ, ಮೀಸೆ ಮೂಡದ ಹುಡುಗನ ಹಾಗೆ.
ಹಾಳೆಯ ಮೇಲೆ ನೆಟ್ಟಗೆ ಓಡಿತು ಗೆರೆ,
ನಂಬಲಾಗದಷ್ಟು ಚೆನ್ನಾಗಿ.

ಪ್ರೊಫೆಸರ್ ಏನೂ ಅನ್ನಲಿಲ್ಲ.
ಒಳಗೆ ಹೋಗಿ ಅವನ ಕುರ್ಚಿಯನ್ನು
ಗೋಡೆಯ ಕಡೆಗೆ ತಿರುಗಿಸಿ ಬಂದಳು.

ಆಗ ತಿಳಿಯಿತು.
ದನಿ ಬಿಡುವ ಮುನ್ನ ಯಸ್ನಾಳ ಬಲಭುಜ
ಕೂದಲೆಳೆಯಷ್ಟು ಏಳುತ್ತಿತ್ತು.
ಗಾಜಿನಾಚೆಯಿಂದ ಅಪ್ಪ
ಇಷ್ಟು ಹೊತ್ತೂ ಆಲಿಸುತ್ತಿದ್ದುದು ಅದನ್ನು.

ಈಗ ಗೆರೆ ಎರಡು ಸಾವಿರದವರೆಗೆ ನಡೆದು
ಕಾಲು ಜಾರಿ ಬಿತ್ತು.
ಸಕಾರದ ಮನೆ ಇರುವುದು ಆ ಕಮರಿಯಲ್ಲಿ.
ಹಾಗಾದರೆ ಅರವತ್ತಮೂರರಲ್ಲಿ
ಊರ ನಾಲಗೆ ನುಂಗಿದ್ದೆಷ್ಟು, ಗ್ರೈಂಡರ್ ನುಂಗಿದ್ದೆಷ್ಟು?
ಪಠ್ಯಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯ.
ಅಪ್ಪನಿಗೆ ಇರುವುದೊಂದು ಬಾಯಿ, ಒಂದು ಜೊತೆ ಕಿವಿ.
ಅವಳ ಹೆಸರಿನ ನಡುವೆಯೂ ಒಂದು ಸಕಾರವಿದೆ.
ಅದನ್ನು ಅವನು ಕೊನೆಯ ಸಲ ಕೇಳಿದ್ದು ಯಾವಾಗ?

“ಯಹ್ನಾ,” ಗೋಡೆಗೆ ಮುಖ ಮಾಡಿಯೇ ಕೂಗಿದ,
“ನಾವು ಪಾಸಾ?”

ನಮೂನೆಯ ಕೊನೆಯ ಸಾಲು:
ಉತ್ತರಗಳ ವಿಶ್ವಾಸಾರ್ಹತೆ.
ಉತ್ತಮ, ಸಾಧಾರಣ, ಕಡಿಮೆ.
ವಿಶ್ವಾಸವೆಂದರೆ ನಂಬಿಕೆ, ವಿಶ್ವಾಸವೆಂದರೆ ಅಕ್ಕರೆ;
ಒಂದೇ ಮಾತಿನಲ್ಲಿ ಎರಡನ್ನೂ ಇಟ್ಟವರು ನಾವು.
ಅವಳ ಭಾಷೆಯ ನಮೂನೆಗೆ ಮೊದಲನೆಯದಷ್ಟೇ ಗೊತ್ತು.
‘ಕಡಿಮೆ’ಗೆ ಗುರುತು ಹಾಕಿ ಸಹಿ ಮಾಡಿದಳು.

ಬಸ್ ನಿಲ್ದಾಣದಲ್ಲಿ ಅವನ ಎದುರೇ ನಿಂತು,
ತುಟಿ ಕಾಣುವಂತೆ, ನಿಧಾನವಾಗಿ,
ಕಿವಿಯಂತ್ರದ ಬೆಲೆ ಹೇಳುತ್ತಿದ್ದಳು.
ಅವನ ಬೆನ್ನ ಹಿಂದೆ, ತಿರುವಿನಾಚೆ ಎಲ್ಲೋ
ತಾಲ್ಕಾವಾನೊ ಬಸ್ಸಿನ ಬ್ರೇಕು ಕಿರುಗುಟ್ಟಿತು.
ಅವಳ ಭುಜ ಒಂದಿಷ್ಟು ಎದ್ದಿತು.

ಅಪ್ಪ ತಿರುಗಿ ನೋಡದೆ
ಬಸ್ಸಿಗೆ ಕೈ ಅಡ್ಡ ಹಿಡಿದ.